ಹಾಸನದಲ್ಲಿ ದಪ್ಪ ಪೇಪರ್ ಕೊಳ್ಳೋರೇ, ತೂಕ ಹಾಕಿಸದೆ ದುಡ್ಡು ಕೊಡಬೇಡಿ

ಅಂಗಡಿ ಹೆಸರು ಹಾಕ್ತಿಲ್ಲ. ಆದ್ರೆ ಹಾಸನದಲ್ಲಿ ಹುಟ್ಟುಹಬ್ಬಕ್ಕೋ ನಾಮಕರಣಕ್ಕೋ ಮನೇಲೇ ಕಾರ್ಡು, ತೋರಣ ಮಾಡೋಕೆ ಹೊರಟಿರೋರೆಲ್ಲ ಇದನ್ನ ದಯವಿಟ್ಟು ಓದಿ. 300 ಜಿಎಸ್‌ಎಂ (ಹಾಳೆ ಎಷ್ಟು ದಪ್ಪ, ಎಷ್ಟು ಭಾರ ಅಂತ ಹೇಳೋ ಅಳತೆ) ಅಂತ ದುಡ್ಡು ಇಸ್ಕೊಂಡು ಅದಕ್ಕಿಂತ ಎಷ್ಟೋ ತೆಳು ಹಾಳೆ ಕಟ್ಟಿಕೊಟ್ಟಿದಾರೆ. ವಾರ ಆಯ್ತು, ಇನ್ನೂ ಹೊಟ್ಟೆ ಉರೀತಿದೆ.

ಮಗಳ ಮೊದಲನೇ ವರ್ಷದ ಹುಟ್ಟುಹಬ್ಬ. ಪ್ರೆಸ್‌ಗೆ ಕೊಡೋದು ಬೇಡ, 60 ಕಾರ್ಡು ನಮ್ಮ ಕೈಯಿಂದಲೇ ಆಗಲಿ ಅಂತ ನಾನೂ ನಾದಿನೀನೂ ಕೂತ್ವಿ. ಒಂದು ಎ4 ಹಾಳೆ ಎರಡು ತುಂಡು ಮಾಡಿದ್ರೆ ಎರಡು ಕಾರ್ಡು. ಕಾರ್ಡು ಬಿಡಿಸಿದ ತಕ್ಷಣ ಒಳಗಿಂದ ಮೂರು ಅಂತಸ್ತಿನ ಕೇಕು ಎದ್ದು ನಿಲ್ಲಬೇಕು. ಅದಕ್ಕೆ ಹಾಳೆ ಗಟ್ಟಿ ಇರಲೇಬೇಕು. ಮೇಜಿನ ಮೇಲಿಡೋ ಗೊಂಬೆ, ದೊಡ್ಡ ‘1’ ಇವಕ್ಕೂ ಸೇರಿಸಿ 80 ಹಾಳೆ ತಗೊಂಡೆ. ಒಂದಕ್ಕೆ 16 ರೂಪಾಯಿ, ಒಟ್ಟು 1280.

ಮೋಸ ಹೋಗಿದ್ದು ಎಲ್ಲಿ ಅಂತ ಆಮೇಲೆ ಗೊತ್ತಾಯ್ತು. ಅಂಗಡಿಯವರು ಮೊದಲು ಒಂದು ಸ್ಯಾಂಪಲ್ ಹಾಳೆ ನನ್ನ ಕೈಗೆ ಕೊಟ್ರು. ಗಟ್ಟಿ ಅಂದ್ರೆ ಗಟ್ಟಿ, ಬಗ್ಗಿಸಿ ಬಿಟ್ರೆ ಟಪ್ ಅಂತ ನೆಟ್ಟಗಾಗ್ತಿತ್ತು. ‘ಇದೇ ಕೊಡಿ ಅಣ್ಣ’ ಅಂದೆ. ಒಳಗಿಂದ ಹುಡುಗ ಕಂದು ಕವರ್ ಸುತ್ತಿ ಟೇಪ್ ಹಾಕಿದ ಕಟ್ಟು ತಂದಿಟ್ಟ. ನಾನು ದುಡ್ಡು ಎಣಿಸ್ತಿದ್ದಾಗ ಅವರು ಸ್ಯಾಂಪಲ್ ಹಾಳೇನ ನನ್ನ ಕೈಯಿಂದ ತಗೊಂಡು ಡ್ರಾಯರ್ ಒಳಗೆ ಹಾಕ್ಕೊಂಡ್ರು. ನನ್ನ ಕಣ್ಣೆದುರಿಗೇ ಹಾಕ್ಕೊಂಡ್ರು. ನಾನು ಕಟ್ಟು ಬಿಚ್ಚಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಈಗ ದಿನಾ ಕೇಳ್ಕೊಳ್ತೀನಿ. ಬಿಲ್ ಕೇಳಿದ್ದಕ್ಕೆ ‘ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ ಮೇಡಂ, ನಿಮಗೇ ಹೊರೆ’ ಅಂತ ಒಂದು ಚೀಟಿ ಬರೆದುಕೊಟ್ರು. ಚೀಟೀಲಿ ಇರೋದು ‘ಪೇಪರ್ – 1280’ ಅಷ್ಟೇ.

ಮನೇಲಿ ಕಾರ್ಡು ಮಾಡ್ತಾ ಮಾಡ್ತಾ ಕೇಕು ಜೋಲು ಬೀಳ್ತಿತ್ತು. ತಪ್ಪು ನಮ್ಮದೇ ಇರಬೇಕು ಅಂದ್ಕೊಂಡ್ವಿ. ಅಂಟು ಜಾಸ್ತಿ ಆಯ್ತೇನೋ ಅಂತ ಕಮ್ಮಿ ಹಾಕಿದ್ವಿ. ರೀಫಿಲ್ ಖಾಲಿಯಾದ ಪೆನ್ನಲ್ಲಿ ಸ್ಕೇಲ್ ಇಟ್ಟು ಗೆರೆ ಒತ್ತಿ ಆಮೇಲೆ ಮಡಚಿದ್ವಿ. ಮೂರು ರಾತ್ರಿ ನಿದ್ದೆಗೆಟ್ಟು 60 ಮುಗಿಸಿದ್ವಿ. ಪಾಪ ನಾದಿನಿಯ ಬೆರಳೆಲ್ಲ ಬ್ಲೇಡಿನ ಗಾಯ.

22 ಮನೆಗೆ ಹಂಚಿ ಆಗಿತ್ತು. ಚನ್ನರಾಯಪಟ್ಟಣದಲ್ಲಿ ನಮ್ಮೆಜಮಾನ್ರ ದೊಡ್ಡಮ್ಮ ಎಲ್ಲರ ಮುಂದೆ ಕಾರ್ಡು ಬಿಡಿಸಿದ್ರು. ಕೇಕು ಅರ್ಧ ಎದ್ದು ಪಕ್ಕಕ್ಕೆ ಒರಗಿಬಿಡ್ತು. ಅವರು ಬೆರಳಲ್ಲಿ ಎತ್ತಿ ನಿಲ್ಲಿಸಿದ್ರು, ಮತ್ತೆ ಬಿತ್ತು. ‘ಇರಲಿ ಬಿಡಮ್ಮ, ಮನೇಲಿ ಮಾಡಿದ್ದಲ್ವಾ’ ಅಂದ್ರು. ಪ್ರೀತಿಯಿಂದಲೇ ಅಂದ್ರು. ನನಗೆ ಮುಖ ಎತ್ತೋಕಾಗಲಿಲ್ಲ.

ಅವತ್ತು ರಾತ್ರಿಯೇ ನಾದಿನಿ ಕೇಕ್ ಹಿಟ್ಟು ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ತಂದ್ಲು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಎ4 ಹಾಳೆ 16 ಸೇರಿದ್ರೆ ಹೆಚ್ಚುಕಮ್ಮಿ ಸರಿಯಾಗಿ ಒಂದು ಚದರ ಮೀಟರ್. ಅಂದ್ರೆ 16 ಹಾಳೆ ಎಷ್ಟು ಗ್ರಾಂ ಬರುತ್ತೋ ಅದೇ ಅದರ ಜಿಎಸ್‌ಎಂ. ನಮ್ಮ 16 ಹಾಳೆ ಇಟ್ವಿ. 182 ಗ್ರಾಂ. ಬೇರೆ 16 ತೆಗೆದು ಇಟ್ವಿ. 181. ಮುನ್ನೂರು ಬರಬೇಕಾದ ಕಡೆ!

ಅಂಗಡಿಯವರಿಗೆ ತಕ್ಕಡಿ ಫೋಟೋ ವಾಟ್ಸಾಪ್ ಮಾಡಿದೆ. ನೋಡಿದಾರೆ, ಮೂರು ಗಂಟೆ ಉತ್ತರ ಇಲ್ಲ. ಆಮೇಲೆ, ‘ಅದು 300ನೇ ಮೇಡಂ, ನಿಮ್ಮ ತಕ್ಕಡಿ ಸರಿ ಇಲ್ಲ.’ ಅರ್ಧ ಕೆಜಿ ಸಕ್ಕರೆ ಪ್ಯಾಕೆಟ್ ಇಟ್ಟು ಇನ್ನೊಂದು ಫೋಟೋ ಕಳಿಸಿದೆ. ಅದಕ್ಕೆ ಉತ್ತರವೇ ಇಲ್ಲ.

ಮಾರನೇ ದಿನ ಕತ್ತರಿಸದೇ ಉಳಿದಿದ್ದ 42 ಹಾಳೆ ಹೊತ್ತು ಅಂಗಡಿಗೇ ಹೋದೆ. ‘ಮಳೆ ಹಿಡಿದಿದೆಯಲ್ಲ ಮೇಡಂ, ತೇವ ಕುಡಿದು ಮೆತ್ತಗಾಗಿದೆ’ ಅಂದ್ರು. ತೇವ ಕುಡಿದ್ರೆ ತೂಕ ಜಾಸ್ತಿ ಆಗ್ಬೇಕಲ್ವಾ, ಕಮ್ಮಿ ಹೆಂಗಾಗುತ್ತೆ ಅಂದೆ. ‘ಕಟ್ ಮಾಡಿದ್ಮೇಲೆ ವಾಪಸ್ ಇಲ್ಲ’ ಅಂದ್ರು. ಇವು ಕಟ್ ಮಾಡಿಲ್ಲ, ನೋಡಿ ಅಂದೆ. ‘ಹಂಗಾದ್ರೆ ಬಿಲ್ ತನ್ನಿ’ ಅಂದ್ರು. ಬಿಲ್ ಬೇಡ ಅಂದಿದ್ದು ಅವರೇ! ಆ ಸ್ಯಾಂಪಲ್ ಹಾಳೆ ತೆಗೀರಿ, ಎರಡೂ ಪಕ್ಕದಲ್ಲಿಟ್ಟು ನೋಡೋಣ ಅಂದ್ರೆ ‘ಅದು ಖಾಲಿ ಆಯ್ತು’. ಕೊನೆಗೆ ಅಂಗಡೀಲಿದ್ದ ಗಿರಾಕಿಗಳ ಕಡೆ ತಿರುಗಿ, ‘ಮನೇಲಿ ಕೂತು ಮಾಡೋ ಆಟಕ್ಕೆ ಇಷ್ಟು ಜಗಳ ನೋಡಿ. ಪ್ರಿಂಟ್ ಹಾಕಿಸಿದ್ರೆ ಮುಗೀತಿತ್ತು’ ಅಂದ್ರು. ದುಡ್ಡಿಗಿಂತ ಆ ಮಾತು ಚುಚ್ತು. ಮೂರು ರಾತ್ರಿಯ ಕೆಲಸ ಅದು, ಆಟ ಅಲ್ಲ.

ಅದೇ ಅಂಗಡಿಯ ಕೆಂಪು ಕ್ರೇಪ್ ಪೇಪರ್ ಬಗ್ಗೆಯೂ ಹೇಳಿಬಿಡ್ತೀನಿ. ‘ಬಣ್ಣ ಬಿಡಲ್ಲ’ ಅಂತ ಕೊಟ್ಟಿದ್ರು. ಒದ್ದೆ ಕೈ ತಾಗಿದ್ದಷ್ಟೇ, ಮಗಳ ಬಿಳಿ ಫ್ರಾಕಿಗೆ ಕಲೆ. ಕ್ರೇಪ್ ನೀರು ತಾಗಿದ್ರೆ ಬಣ್ಣ ಬಿಡುತ್ತೆ, ಯಾರು ಏನೇ ಹೇಳಲಿ ಮಗುವಿನ ಹತ್ರ ಕಟ್ಟಬೇಡಿ.

ನೀವು ಕೊಳ್ಳೋವಾಗ ಕಟ್ಟನ್ನ ಅಲ್ಲೇ ಬಿಚ್ಚಿಸಿ. 16 ಹಾಳೆ ಎಣಿಸಿ ತೂಕ ಹಾಕಿಸಿ, ಹಾಕಲ್ಲ ಅಂದ್ರೆ ಎದ್ದು ಬನ್ನಿ. ಸ್ಯಾಂಪಲ್ ಹಾಳೆ ಕೈಯಿಂದ ಬಿಡಬೇಡಿ. ಬಿಲ್‌ನಲ್ಲಿ ಜಿಎಸ್‌ಎಂ ಬರೆಸಿ. ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ ಪದ್ಧತಿ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ನನಗೆ ಇದು ಆಮೇಲೆ ಗೊತ್ತಾಯ್ತು.

ಉಳಿದ 38 ಕಾರ್ಡು ಬೇರೆ ಅಂಗಡಿಯ ಹಾಳೇಲಿ ಮತ್ತೆ ಮಾಡ್ತಿದೀವಿ. ಅವರು ಕೇಳಿದ ತಕ್ಷಣ ತೂಗಿ ತೋರಿಸಿದ್ರು, 302 ಗ್ರಾಂ. ಕೇಕು ನೆಟ್ಟಗೆ ನಿಲ್ತಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಚೀಟಿ, ತಕ್ಕಡಿ ಫೋಟೋ, ಅವರ ಮೆಸೇಜು, 42 ಹಾಳೆ ಎಲ್ಲಾ ಹಂಗೇ ಎತ್ತಿಟ್ಟಿದೀನಿ. ನನ್ನ 1280 ರೂಪಾಯಿ ವಾಪಸ್ ಬರೋವರೆಗೂ ಬಿಡಲ್ಲ.