ಗಟ್ಟಿಯಾಗಿರುವ ಹಳೇ ಬೆಳ್ಳಿ ಫಿಲ್ಲಿಂಗ್ ತೆಗೆಸುವ ಮುನ್ನ ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದ ಕಡೆ ಇರುವವರು, ಅದರಲ್ಲೂ ಬಾಯಲ್ಲಿ ಹಳೇ ಬೆಳ್ಳಿ ಫಿಲ್ಲಿಂಗ್ ಇರುವವರು, ದಯವಿಟ್ಟು ಪೂರ್ತಿ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ. ನಮ್ಮ ಅಕ್ಕ ಎರಡು ದವಡೆ ಹಲ್ಲು ಕಳೆದುಕೊಂಡಿದ್ದಾಳೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ದುಡ್ಡು ಹೋಗಿದೆ. ದೂರು ಕೊಟ್ಟಿದ್ದೇವೆ, ಅದಕ್ಕೇ ಕ್ಲಿನಿಕ್ಕಿನ ಹೆಸರು ಬರೆಯುತ್ತಿಲ್ಲ. ಆದರೆ ಅಲ್ಲಿ ಆಡಿದ ಮಾತು, ಮಾಡಿದ ಪರೀಕ್ಷೆ ಎಲ್ಲಾ ಹೇಳುತ್ತೇನೆ. ನಾಳೆ ಇನ್ನೊಂದು ಊರಲ್ಲಿ, ಇನ್ನೊಂದು ಬೋರ್ಡಿನ ಕೆಳಗೆ ಇದೇ ಮಾತು ಕೇಳಿದರೆ ನಿಮಗೆ ಗುರುತು ಸಿಗಲಿ.

ಅಕ್ಕನಿಗೆ ಐವತ್ತು ದಾಟಿದೆ. ಧಾರವಾಡದಲ್ಲಿ ಶಾಲೆ ಟೀಚರ್. ಮದುವೆಗೆ ಮುಂಚೆ ನಾಲ್ಕು ಹಲ್ಲಿಗೆ ಬೆಳ್ಳಿ ತುಂಬಿಸಿದ್ದಳು. ಅವು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಕಟಕ ರೊಟ್ಟಿ, ಶೇಂಗಾ, ಕಬ್ಬು ಎಲ್ಲಾ ಆರಾಮಾಗಿ ತಿನ್ನುತ್ತಿದ್ದಳು. ತೊಂದರೆ ಇದ್ದದ್ದು ಬೇರೆ ಕಡೆ. ಅಂಗಾಲು ಉರಿ, ಕಾಲಲ್ಲಿ ಜುಮು ಜುಮು, ಸಂಜೆಯಾದರೆ ವಿಪರೀತ ಸುಸ್ತು, ಸ್ವಲ್ಪ ಮರೆವು. ಜೊತೆಗಿದ್ದ ಟೀಚರೊಬ್ಬರು ಹುಬ್ಬಳ್ಳಿಯಲ್ಲೊಂದು 'ಹೋಲಿಸ್ಟಿಕ್' ಹಲ್ಲಿನ ಕ್ಲಿನಿಕ್ ಇದೆ, ಹಲ್ಲು ನೋಡಿಯೇ ಇಡೀ ಮೈಯ ರೋಗ ಹೇಳುತ್ತಾರೆ ಅಂದರು. ಅಕ್ಕನ ಜೊತೆ ನಾನೂ ಹೋದೆ.

ಕ್ಯಾಮೆರಾದಲ್ಲಿ ಬಾಯಿ ನೋಡಿದವರೇ, "ಅಕ್ಕಾರ, ಬಾಯಾಗ ವಿಷ ಇಟ್ಕೊಂಡು ಕುಂತೀರಲ್ರಿ" ಅಂದರು. ಫಿಲ್ಲಿಂಗಿನಲ್ಲಿರುವ ಪಾದರಸವನ್ನೇ ಅವರು ವಿಷ ಅಂದದ್ದು. ಆಮೇಲೆ ಎರಡು ವೈರಿನ ಒಂದು ಮೀಟರ್ ತಂದು ಫಿಲ್ಲಿಂಗಿಗೆ ತಾಗಿಸಿದರು. ಮುಳ್ಳು ಅಲ್ಲಾಡಿತು. ನಿಮ್ಮ ಬಾಯಿ ಬ್ಯಾಟರಿ ಆಗಿದೆ, ಅದಕ್ಕೇ ನರ ಸುಡುತ್ತಿದೆ ಅಂದರು. ಎಂಜಲು ತಾಗಿದ ಲೋಹಕ್ಕೆ ಇನ್ನೊಂದು ಲೋಹ ಮುಟ್ಟಿಸಿದರೆ ಸಣ್ಣ ಕರೆಂಟ್ ಯಾರ ಬಾಯಲ್ಲಾದರೂ ಬರುತ್ತದೆ. ಅದರಿಂದ ಅಂಗಾಲಿನ ರೋಗ ಗೊತ್ತಾಗುವುದಿಲ್ಲ.

ಅಕ್ಕನನ್ನು ಪೂರ್ತಿ ಹೆದರಿಸಿದ್ದು ಇನ್ನೊಂದು ಯಂತ್ರ. ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಚ್ಚನೆ ನೀರು, ಅದಕ್ಕೆ ಚೂರು ಉಪ್ಪು, ನಡುವೆ ಲೋಹದ ಸುರುಳಿ ಇರುವ ಒಂದು ಕಪ್ಪು ಡಬ್ಬಿ. ಅಕ್ಕ ಕಾಲಿಟ್ಟು ಕೂತಳು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ನೀರು ಹಳದಿಯಾಯಿತು, ಆಮೇಲೆ ಗಾಢ ಕಂದು. ಮೇಲೆ ನೊರೆ, ಅದರಲ್ಲಿ ಕಪ್ಪು ಕಪ್ಪು ಚೂರು. "ನೋಡ್ರಿ, ಪಾದರಸ ಹೊರಗ ಬರಾಕತ್ತೈತಿ" ಅಂದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇದೆಲ್ಲಾ ನನ್ನ ಮೈಯಲ್ಲಿತ್ತಾ ಅಂತ ಕೇಳಿದಳು.

ನಮ್ಮ ಸೋದರಮಾವನ ಮಗ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಲೇಟಿಂಗ್ ಕೆಲಸ, ಅಂದರೆ ಕರೆಂಟ್ ಹರಿಸಿ ಲೋಹಕ್ಕೆ ಲೇಪ ಕೊಡುವ ಕೆಲಸ ಮಾಡುತ್ತಾನೆ. ಫೋಟೋ ನೋಡಿದ ತಕ್ಷಣ "ಅಕ್ಕಾ, ಇದು ಬರೇ ತುಕ್ಕು" ಅಂದ. ಬಕೆಟ್ಟಿನಲ್ಲಿ ಉಪ್ಪು ನೀರು ಹಾಕಿ, ಎರಡು ಕಬ್ಬಿಣದ ಮೊಳೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ವೈರ್ ಕೊಟ್ಟು ತೋರಿಸಿದ. ಅದೇ ಕಂದು, ಅದೇ ನೊರೆ. ಆ ಬಕೆಟ್ಟಿನಲ್ಲಿ ಯಾರ ಕಾಲೂ ಇರಲಿಲ್ಲ. ಕರೆಂಟ್ ಹರಿದಾಗ ಲೋಹ ಕರಗಿ ನೀರಿಗೆ ಇಳಿಯುತ್ತದೆ, ಅಷ್ಟೇ. ಪಾದರಸ ಮೈಯಿಂದ ಹೋಗುವುದು ಮುಖ್ಯವಾಗಿ ಮೂತ್ರದಲ್ಲಿ, ಮಲದಲ್ಲಿ. ಅಂಗಾಲಿನಿಂದ ಇಳಿದು ಟಬ್ಬಿನ ನೀರಿಗೆ ಬಣ್ಣ ಕೊಡುವುದಿಲ್ಲ. ಆದರೆ ಅವನು ಇದನ್ನು ತೋರಿಸುವ ಹೊತ್ತಿಗೆ ಅಕ್ಕನ ಹಲ್ಲು ಕೊರೆದಾಗಿತ್ತು.

ಮೂತ್ರದ ಪರೀಕ್ಷೆಯನ್ನೂ ಮಾಡಿಸಿದರು. ಅದಕ್ಕೆ ಮೊದಲು ಒಂದು ಕ್ಯಾಪ್ಸೂಲ್ ಕೊಟ್ಟರು. ರಿಪೋರ್ಟಿನಲ್ಲಿ ಪಾದರಸದ ಪಟ್ಟಿ ಕೆಂಪಗೆ ಉದ್ದಕ್ಕೆ ಹೋಗಿತ್ತು. ಈ ಚಾಲಾಕಿತನ ಎಲ್ಲರಿಗೂ ಗೊತ್ತಿರಬೇಕು. ಲೋಹವನ್ನು ಎಳೆದು ಹೊರಹಾಕುವ ಔಷಧ ಕೊಟ್ಟು ಮೂತ್ರ ಹಿಡಿದರೆ ಯಾರಿಗಾದರೂ ಪಾದರಸ ಜಾಸ್ತಿಯೇ ಬರುತ್ತದೆ. ಆ ಅಂಕಿಯನ್ನು ಔಷಧ ತೆಗೆದುಕೊಳ್ಳದವರ ಅಂಕಿಯ ಜೊತೆ ಹೋಲಿಸುವುದು ತಪ್ಪು. ಅಮೆರಿಕದ ವೈದ್ಯಕೀಯ ವಿಷಶಾಸ್ತ್ರ ತಜ್ಞರ ಸಂಘ ಇದರ ವಿರುದ್ಧ ಸ್ಪಷ್ಟವಾಗಿ ಹೇಳಿಕೆ ಕೊಟ್ಟಿದೆ.

ಆಮೇಲೆ ನಾಲ್ಕೂ ಫಿಲ್ಲಿಂಗನ್ನು ಒಂದೇ ಸಲಕ್ಕೆ ತೆಗೆದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪುಡಿ ಬಾಯೊಳಗೆ ಬೀಳದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಲಿಲ್ಲ. ಜೋರಾಗಿ ಎಳೆಯುವ ಸಕ್ಷನ್ ಇರಲಿಲ್ಲ, ಎಂಜಲು ಹೀರುವ ಸಣ್ಣ ನಳಿಗೆ ಮಾತ್ರ. ನೀರನ್ನೂ ಸರಿಯಾಗಿ ಬಿಡಲಿಲ್ಲ. ಅಕ್ಕನ ಎದೆ ಮೇಲಿನ ಹಸಿರು ಬಟ್ಟೆ ತುಂಬಾ ಬೂದು ಬಣ್ಣದ ಪುಡಿ ಬಿದ್ದಿತ್ತು. ಫಿಲ್ಲಿಂಗಿನಿಂದ ಪಾದರಸದ ಆವಿ ಜಾಸ್ತಿ ಏಳುವುದು ಹೀಗೆ ಕೊರೆಯುವಾಗಲೇ. ವಿಷ ಅಂತ ಹೆದರಿಸಿದವರೇ ಆ ಆವಿಯನ್ನು ಅವಳ ಮೂಗಿನ ಮುಂದೆ ಎಬ್ಬಿಸಿದರು.

ಈ ಬೆಳ್ಳಿ ಫಿಲ್ಲಿಂಗ್ ಅಂದರೆ ಏನು ಅಂತ ನೇರವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ನಿಜವೇ ಇವರ ಬಂಡವಾಳ. ಅಮಾಲ್ಗಂ ಅನ್ನುವ ಈ ಮಿಶ್ರಣದ ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾದ ಮೇಲೂ ಅಗಿಯುವಾಗ ತೀರಾ ಸ್ವಲ್ಪ ಆವಿ ಹೊರಡುತ್ತದೆ, ಇದು ಸುಳ್ಳಲ್ಲ. ಅದರಿಂದ ಕಾಯಿಲೆ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಒಂದು, ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಇನ್ನೊಂದು, ಹೀಗೆ ಎರಡು ಅಧ್ಯಯನ ತಲಾ 500ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ನೋಡಿದವು. ಫಲಿತಾಂಶ 2006ರಲ್ಲಿ ಬಂತು. ಬೆಳ್ಳಿ ತುಂಬಿಸಿಕೊಂಡ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಜಾಸ್ತಿ ಇತ್ತು. ಆದರೆ ಬುದ್ಧಿಶಕ್ತಿ, ನೆನಪು, ನರದ ಕೆಲಸ ಇದರಲ್ಲಿ ಬೇರೆ ಮಕ್ಕಳಿಗಿಂತ ವ್ಯತ್ಯಾಸ ಕಾಣಲಿಲ್ಲ.

ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಎರಡು ಮಾತು ಹೇಳಿತು. ಗರ್ಭಿಣಿಯರು, ಹಾಲುಣಿಸುವವರು, ಮಕ್ಕಳು (ಅದರಲ್ಲೂ ಆರು ವರ್ಷದೊಳಗಿನವರು), ಕಿಡ್ನಿ ಅಥವಾ ನರದ ಕಾಯಿಲೆ ಇರುವವರು, ಪಾದರಸ ಒಗ್ಗದವರು, ಇಂಥವರಿಗೆ ಆದಷ್ಟು ಹೊಸದಾಗಿ ಅಮಾಲ್ಗಂ ತುಂಬಬೇಡಿ ಅನ್ನುವುದು ಒಂದು. ಚೆನ್ನಾಗಿರುವ ಹಳೇ ಫಿಲ್ಲಿಂಗನ್ನು ವೈದ್ಯಕೀಯ ಕಾರಣ ಇಲ್ಲದೇ ತೆಗೆಸಬೇಡಿ, ತೆಗೆಯುವಾಗ ಆವಿ ಜಾಸ್ತಿಯಾಗುತ್ತದೆ, ಗಟ್ಟಿ ಹಲ್ಲೂ ಹಾಳಾಗುತ್ತದೆ ಅನ್ನುವುದು ಇನ್ನೊಂದು. ಕ್ಲಿನಿಕ್ಕಿನವರು ಮೊದಲನೆಯದನ್ನು ಮಾತ್ರ ಮೊಬೈಲಿನಲ್ಲಿ ತೋರಿಸಿದ್ದರು.

"ಯುರೋಪಿನ್ಯಾಗ ಬ್ಯಾನ್ ಆಗೇತ್ರಿ" ಅಂತಲೂ ಹೇಳಿದ್ದರು. ಹೌದು, 2025ರ ಜನವರಿ 1ರಿಂದ ಯುರೋಪಿನ ಒಕ್ಕೂಟದಲ್ಲಿ ವಿಶೇಷ ಅಗತ್ಯ ಬಿಟ್ಟರೆ ಹೊಸದಾಗಿ ಅಮಾಲ್ಗಂ ತುಂಬುವಂತಿಲ್ಲ. ಮುಖ್ಯ ಕಾರಣ ನೀರು, ಮಣ್ಣು, ಗಾಳಿಗೆ ಸೇರುವ ಪಾದರಸ. ಭಾರತವೂ ಒಪ್ಪಿಕೊಂಡಿರುವ ಮಿನಮಾಟಾ ಒಪ್ಪಂದದ ಉದ್ದೇಶವೂ ಪಾದರಸದ ಬಳಕೆ ಕಡಿಮೆ ಮಾಡುವುದು. ಬಾಯಲ್ಲಿರುವ ಹಳೇ ಫಿಲ್ಲಿಂಗ್ ಕಿತ್ತು ಹಾಕಿ ಅಂತ ಎಲ್ಲೂ ಹೇಳಿಲ್ಲ.

ಅಕ್ಕನಿಗೆ ಆಮೇಲೆ ಏನಾಯಿತು ಅಂದರೆ, ಆಳಕ್ಕೆ ಕೊರೆದ ಎರಡು ಹಲ್ಲು ತಡೆಯಲಾರದಷ್ಟು ನೋವು ಶುರುಮಾಡಿದವು. ರಾತ್ರಿಯೆಲ್ಲಾ ಕೆನ್ನೆ ಹಿಡಿದು ಕೂರುತ್ತಿದ್ದಳು. ಸಾಮಾನ್ಯ ಡೆಂಟಿಸ್ಟ್ ಆದರೆ ರೂಟ್ ಕೆನಾಲ್ ಮಾಡಿ ಉಳಿಸುತ್ತಿದ್ದರು. ಇವರು, ರೂಟ್ ಕೆನಾಲ್ ಮಾಡಿದ ಹಲ್ಲು ಸತ್ತ ಹಲ್ಲು, ಅದರಿಂದ ಕ್ಯಾನ್ಸರ್ ಬರುತ್ತದೆ ಅಂತ ಹೇಳಿ ಎರಡನ್ನೂ ಕಿತ್ತರು. ಆ ಜಾಗಕ್ಕೆ ಜಿರ್ಕೋನಿಯಾ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ಸೆರಾಮಿಕ್ ಹಲ್ಲು ಹಾಕಿಸಿ ಅಂತ ಇನ್ನೊಂದು ದೊಡ್ಡ ಅಂದಾಜು ಪಟ್ಟಿ ಕೊಟ್ಟರು. ರೂಟ್ ಕೆನಾಲ್ ಬಗೆಗಿನ ಈ ಭಯ 1920ರ ದಶಕದಲ್ಲಿ ಅಮೆರಿಕದ ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರ ಪ್ರಯೋಗಗಳಿಂದ ಹಬ್ಬಿದ್ದು. ಮುಂದೆ ಸರಿಯಾದ ಕ್ರಮದಲ್ಲಿ ನಡೆದ ಸಂಶೋಧನೆಗಳಲ್ಲಿ ಅದು ನಿಲ್ಲಲಿಲ್ಲ. ಅಲ್ಲಿನ ಕೊಲೊರಾಡೊದಲ್ಲಿ ಇದೇ ಭಯ, ಇದೇ ಪಾದರಸದ ಕಥೆ ಹರಡುತ್ತಿದ್ದ ಹಾಲ್ ಹಗಿನ್ಸ್ ಎಂಬ ದಂತವೈದ್ಯರ ಲೈಸೆನ್ಸ್ 1996ರಲ್ಲಿ ರದ್ದಾಯಿತು.

ಕೊನೆಗೆ ಅಕ್ಕನನ್ನು ಸತ್ತೂರಿನ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಹಳೇ ಎಕ್ಸ್-ರೇ ಬೆಳಕಿಗೆ ಹಿಡಿದು ನೋಡಿದರು. ಈ ಫಿಲ್ಲಿಂಗಿನ ಅಂಚು ಬಿಟ್ಟಿರಲಿಲ್ಲ, ಕೆಳಗೆ ಹುಳುಕೂ ಇರಲಿಲ್ಲ ಅಂದರು. ನಂತರ ಅಂಗಾಲಿನ ಉರಿಯ ಬಗ್ಗೆ ಕೇಳಿ, ಮೊದಲು ಫಿಜಿಷಿಯನ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ ಅಂದರು. ಬಿ12 ತೀರಾ ಕಡಿಮೆ ಇತ್ತು, ಸಕ್ಕರೆ ಕಾಯಿಲೆಯೂ ಶುರುವಾಗಿತ್ತು. ಇಂಜೆಕ್ಷನ್, ಮಾತ್ರೆ, ಊಟದಲ್ಲಿ ಪಥ್ಯ ಮಾಡಿದ ಮೇಲೆ ಉರಿ ಬಹಳ ಕಡಿಮೆಯಾಗಿದೆ. ಪಾದರಸ, ಡಿಟಾಕ್ಸ್ ಅಂತ ಓಡಾಡಿದ ಅಷ್ಟೂ ತಿಂಗಳು ನಿಜವಾದ ಕಾಯಿಲೆಗೆ ಔಷಧ ಬಿದ್ದಿರಲಿಲ್ಲ. ಕಿತ್ತ ಹಲ್ಲಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಹಲ್ಲಿಗೆ ಏನು ತುಂಬುತ್ತಾರೆ ಅಂತ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳಲೇಬೇಕು. ಬೆಂಟೆಕ್ಸ್ ಓಲೆ, ವಾಚಿನ ಚೈನು ಹಾಕಿದರೆ ಚರ್ಮ ಕೆರೆತ ಬರುವವರು ಕ್ಯಾಪ್ ಹಾಕಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ. ನಮ್ಮಲ್ಲಿ ಕಡಿಮೆ ರೇಟಿನ ಲೋಹದ ಕ್ಯಾಪುಗಳಲ್ಲಿ ನಿಕ್ಕಲ್ ಇರುವುದು ಸಾಮಾನ್ಯ, ನಿಕ್ಕಲ್ ಅಲರ್ಜಿ ನಿಜವಾದ ಸಮಸ್ಯೆ. ಅನುಮಾನ ಇದ್ದರೆ ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡುತ್ತಾರೆ, ಅದಕ್ಕೆ ಮೀಟರ್ ಬೇಡ. ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ಕೂಡ ರಾಳದಿಂದ ಮಾಡಿದ ರಾಸಾಯನಿಕವೇ. ಕೆಲವದರಿಂದ ಬಿಸ್ಫಿನಾಲ್ ಎ ಅನ್ನುವ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ವಸ್ತು ಅತಿ ಸ್ವಲ್ಪ ಪ್ರಮಾಣದಲ್ಲಿ ಬರಬಹುದು, ಹಾಕಿಸಿದ ತಕ್ಷಣ ಚೆನ್ನಾಗಿ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಕಡಿಮೆಯಾಗುತ್ತದೆ. 'ನೂರಕ್ಕೆ ನೂರು ನೈಸರ್ಗಿಕ ಫಿಲ್ಲಿಂಗ್' ಅಂತ ಯಾರಾದರೂ ಮಾರಿದರೆ ಅಲ್ಲಿಂದ ಎದ್ದು ಬನ್ನಿ.

ಹಳೇ ಫಿಲ್ಲಿಂಗ್ ಒಡೆದಿದ್ದರೆ, ಕೆಳಗೆ ಹುಳುಕು ಹತ್ತಿದ್ದರೆ ತೆಗೆಸಲೇಬೇಕಾಗುತ್ತದೆ. ಆಗ ರಬ್ಬರ್ ಡ್ಯಾಮ್ ಹಾಕುತ್ತೀರಾ, ನೀರು ಬಿಟ್ಟು, ಜೋರು ಸಕ್ಷನ್ ಇಟ್ಟು, ದೊಡ್ಡ ತುಂಡಾಗಿ ತೆಗೆಯುತ್ತೀರಾ ಅಂತ ಕೇಳಿ. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಜಾರಾಗುವುದಿಲ್ಲ. ಬರೀ ಪಾದರಸದ ಭಯ ತೋರಿಸಿ ತೆಗೆಸಬೇಕು ಅಂತ ಯಾರಾದರೂ ಹೇಳಿದರೆ ಎಕ್ಸ್-ರೇ ತೆಗೆದುಕೊಂಡು ಇನ್ನೊಬ್ಬ ಡೆಂಟಿಸ್ಟಿಗೆ ತೋರಿಸಿ. ಹೋಲಿಸ್ಟಿಕ್ ಡೆಂಟಿಸ್ಟ್ರಿ ಅನ್ನುವ ಎಂಡಿಎಸ್ (ದಂತವೈದ್ಯರ ಸ್ನಾತಕೋತ್ತರ ಪದವಿ) ವಿಭಾಗ ನಮ್ಮ ದೇಶದಲ್ಲಿ ಇಲ್ಲ. ಡಾಕ್ಟರ್ ಹೆಸರಿನ ಮುಂದೆ ಏನೇ ಬರೆದಿರಲಿ, ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ.

ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡಿರುವವರು ಮೊದಲು ಬಿಲ್ಲು, ಎಕ್ಸ್-ರೇ, ಲ್ಯಾಬ್ ರಿಪೋರ್ಟ್ ಬರಹದಲ್ಲಿ ಕೇಳಿ ಪಡೆಯಿರಿ. ನಮಗೆ ಬಿಲ್ಲಿನ ಬದಲು ಚೀಟಿ ಕೊಟ್ಟಿದ್ದರು, ಯುಪಿಐ ದಾಖಲೆಯೇ ಕೈಹಿಡಿಯಿತು. ದಂತ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಲ್ಲಿ ಎರಡು ವರ್ಷದ ಒಳಗೆ ದೂರು ಹಾಕಬೇಕು, ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಗದಗ, ಹಾವೇರಿಯವರಿಗೂ ಅವರವರ ಜಿಲ್ಲೆಯಲ್ಲೇ ಆಯೋಗ ಇದೆ. ದೂರು ಬರೆಯಲು ಸಹಾಯ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ನಮ್ಮ ಅರ್ಜಿಯ ಪ್ರತಿ ಕಳಿಸುತ್ತೇನೆ.