ಫ್ರಾಂಕ್ಸ್ ಆಟೋಮ್ಯಾಟಿಕ್: ಹೆಸರು ಒಂದು, ಗೇರ್‌ಬಾಕ್ಸ್ ಎರಡು

‘ಫ್ರಾಂಕ್ಸ್ ಆಟೋಮ್ಯಾಟಿಕ್ ತೊಗೊಂಡೀವ್ರಿ’ ಅಂದರೆ ಕಲಬುರಗಿಯಲ್ಲಿ ಮರುಪ್ರಶ್ನೆ ತಯಾರಿರುತ್ತದೆ: ‘ಆವರೇಜ್ ಎಷ್ಟು ಕೊಡ್ತದ?’ ಅದಕ್ಕಿಂತ ಮೊದಲು ಕೇಳಬೇಕಾದ ಮಾತು ‘ಯಾವ ಆಟೋಮ್ಯಾಟಿಕ್?’ 2023ರ ಏಪ್ರಿಲ್‌ನಲ್ಲಿ ಮಾರುತಿ ಈ ಗಾಡಿ ಬಿಟ್ಟಾಗಲೇ ಒಂದೇ ಹೆಸರಿನಡಿ ಎರಡು ಬೇರೆ ಜಾತಿಯ ಗೇರ್‌ಬಾಕ್ಸ್ ಇಟ್ಟಿತ್ತು. 1.2 ಲೀಟರ್, ನಾಲ್ಕು ಸಿಲಿಂಡರ್ ಎಂಜಿನ್‌ಗೆ (90 ಪಿಎಸ್ ಶಕ್ತಿ, 113 ಎನ್ಎಂ ಎಳೆತ) ಐದು ಗೇರಿನ ಎಎಂಟಿ, ಅಂದರೆ ಕ್ಲಚ್, ಗೇರ್ ಕೆಲಸವನ್ನು ತಾನೇ ಮಾಡುವ ಮ್ಯಾನ್ಯುಯಲ್. 1.0 ಲೀಟರ್, ಮೂರು ಸಿಲಿಂಡರ್ ಟರ್ಬೋಗೆ (100 ಪಿಎಸ್, 147.6 ಎನ್ಎಂ) ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಎಣ್ಣೆಯ ಮೂಲಕ ಬಲ ದಾಟಿಸುವ ಬಗೆ. ಬಿಡುಗಡೆಯ ಪಟ್ಟಿಯಲ್ಲಿ ಎಎಂಟಿ ಇದ್ದದ್ದು ಕೆಳಗಿನ ದರ್ಜೆಗಳಾದ ಡೆಲ್ಟಾ, ಡೆಲ್ಟಾ ಪ್ಲಸ್‌ನಲ್ಲಿ. ಟರ್ಬೋ ಆಟೋಮ್ಯಾಟಿಕ್ ಮೇಲಿನ ದರ್ಜೆಗಳಾದ ಝೀಟಾ, ಆಲ್ಫಾದಲ್ಲಿ. ಗೊಂದಲ ಸಾಲದು ಅನ್ನುವಂತೆ ಡೆಲ್ಟಾ ಪ್ಲಸ್‌ಗೆ ಟರ್ಬೋ ಎಂಜಿನ್ನೂ ಇತ್ತು, ಆದರೆ ಮ್ಯಾನ್ಯುಯಲ್ ಮಾತ್ರ. ಟೊಯೊಟಾ ಟೈಸರ್ ಅಂದರೂ ಇದೇ ಗಾಡಿ, ಲಾಂಛನ ಬೇರೆ.

ಬ್ರೋಷರಿನಲ್ಲಿ ‘ಎಜಿಎಸ್’ ಅಂತ ಇದ್ದರೆ ಅದು ಎಎಂಟಿಗೆ ಮಾರುತಿ ಇಟ್ಟ ಹೆಸರು. ಬ್ರೋಷರ್ ಕೈಯಲ್ಲಿ ಇಲ್ಲದಿದ್ದರೆ ಗೇರ್ ಲಿವರ್ ನೋಡಿ. ಪಿ, ಅಂದರೆ ಪಾರ್ಕಿಂಗ್ ಇದ್ದರೆ ಟಾರ್ಕ್ ಕನ್ವರ್ಟರ್. ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಮ್ಯಾನ್ಯುಯಲ್) ಅಷ್ಟೇ ಇದ್ದು ಪಿ ಕಾಣದಿದ್ದರೆ ಎಎಂಟಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ‘ಫುಲ್ ಆಟೋಮ್ಯಾಟಿಕ್ ಅದ ಸಾಹೇಬ್ರೆ’ ಅನ್ನುವ ಮಾತಿಗಿಂತ ಈ ಒಂದು ಅಕ್ಷರ ಹೆಚ್ಚು ನಂಬಿಗಸ್ತ.

ಎಎಂಟಿ ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಹಾಗೇ ಇರುತ್ತವೆ. ಕಾಲು ಮಾಡುತ್ತಿದ್ದ ಕೆಲಸವನ್ನು ಎಣ್ಣೆ ಒತ್ತಡದ ಆಕ್ಚುಯೇಟರ್ ಮಾಡುತ್ತದೆ. ಡ್ರೈವರ್ ಬಾಗಿಲು ತೆಗೆದ ಕೂಡಲೇ ಒಂದೆರಡು ಸೆಕೆಂಡ್ ‘ಗುಂಯ್’ ಅನ್ನುವ ಸದ್ದು ಬರುತ್ತದಲ್ಲ, ಅದು ಆ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು. ರೋಗವಲ್ಲ, ಹೆದರಿ ಗ್ಯಾರೇಜಿಗೆ ಓಡಬೇಡಿ.

ತಕರಾರು ಶುರುವಾಗುವುದು ಸಂಜೆ ಆರರ ಗದ್ದಲದ ಪೇಟೆ ಸೂಪರ್ ಮಾರ್ಕೆಟ್‌ನಲ್ಲಿ. ಡಿ ಗೇರಿನಲ್ಲಿ ಬ್ರೇಕ್ ಪೂರ್ತಿ ಒತ್ತಿ ನಿಂತಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ, ಆಗ ಪ್ಲೇಟಿಗೆ ಸವೆತವಿಲ್ಲ. ಬ್ರೇಕ್ ಅರ್ಧ ಸಡಿಲಿಸಿ ಆಟೋ ಹಿಂದೆ ಎರಡು ಅಡಿ, ಮತ್ತೆರಡು ಅಡಿ ತೆವಳುವಾಗ ಕ್ಲಚ್ ಅರ್ಧ ಕಚ್ಚಿ ಅರ್ಧ ಜಾರುತ್ತದೆ. ಮೇ ತಿಂಗಳ 43 ಡಿಗ್ರಿಯಲ್ಲಿ ಆ ಶಾಖ ಬೇಗ ಆರುವುದೂ ಇಲ್ಲ. ಮುಂದೆ ಒಂದು ಗಾಡಿಯಷ್ಟು ಜಾಗ ಬಿಟ್ಟು, ಒಮ್ಮೆಗೇ ಎಳೆದು, ಪೂರ್ತಿ ನಿಲ್ಲಿಸುವುದು ಸರಿಯಾದ ರೀತಿ. ಜಗತ್ ಸರ್ಕಲ್‌ನಲ್ಲಿ ಆ ಜಾಗಕ್ಕೆ ಮೂರು ಬೈಕ್ ನುಗ್ಗುತ್ತವೆ ಅನ್ನುವುದು ಬೇರೆ ಮಾತು. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಎನ್‌ಗೆ ಹಾಕಿ, ರಿಲೀಸ್ ಬೇರಿಂಗ್ ಮೇಲಿನ ಭಾರ ಇಳಿಯುತ್ತದೆ. ಬ್ರಿಜ್ ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತಡೆಹಿಡಿಯಬೇಡಿ. ಪ್ಲೇಟ್ ಸುಟ್ಟ ವಾಸನೆ ಬರುವುದು ಹೆಚ್ಚಾಗಿ ಇದರಿಂದಲೇ. ಏರಿನಲ್ಲಿ ಗಾಡಿ ಹಿಂದೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್ ಇದೆ, ಆದರೆ ಅದು ಹಿಡಿಯುವುದು ಸುಮಾರು ಎರಡು ಸೆಕೆಂಡ್. ಆಮೇಲೆ ಹ್ಯಾಂಡ್ ಬ್ರೇಕೇ ಗತಿ.

ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ದಾಟುವಾಗ ಎಎಂಟಿ ಇನ್ನೊಂದು ಗುಣ ತೋರಿಸುತ್ತದೆ. ಡಿಯಲ್ಲೇ ಇಟ್ಟು ಕಾಲು ಪೂರ್ತಿ ಒತ್ತಿದರೆ ಕ್ಲಚ್ ಬಿಟ್ಟು, ಗೇರ್ ಇಳಿಸಿ, ಮತ್ತೆ ಕಚ್ಚುವಷ್ಟರಲ್ಲಿ ಒಂದು ಕ್ಷಣ ಎಳೆತವೇ ಇರುವುದಿಲ್ಲ. ಎದುರಿನಿಂದ ಬಸ್ ಬರುತ್ತಿದ್ದರೆ ಆ ಕ್ಷಣ ದುಬಾರಿ. ಇನ್ನೂ ಲಾರಿಯ ಹಿಂದೆ ನೀವು ಇರುವಾಗಲೇ ಲಿವರ್ ಎಂಗೆ ತಂದು ಒಂದು ಗೇರ್ ಇಳಿಸಿಕೊಳ್ಳಿ, ಆರ್‌ಪಿಎಂ ಏರಿದ ಮೇಲೆ ಹೊರಗೆ ಬನ್ನಿ. ಇದನ್ನು ರೂಢಿ ಮಾಡಿಕೊಂಡವರಿಗೆ 1.2 ಎಎಂಟಿ ಕೆಟ್ಟ ಗಾಡಿಯಲ್ಲ. ಮಾಡಿಕೊಳ್ಳದವರು ಗಾಡಿ ‘ಎಳಿಯಂಗಿಲ್ಲ’ ಅಂತ ಬೈಯುತ್ತಾರೆ.

ಟರ್ಬೋ ಗಾಡಿಯಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆ ತುಂಬಿದ ಕನ್ವರ್ಟರ್ ಇದೆ. ತೆವಳುವಾಗ ಎಣ್ಣೆಯೇ ಜಾರುತ್ತದೆ, ಸವೆಯುವ ಕ್ಲಚ್ ಪ್ಲೇಟ್ ಅಲ್ಲಿಲ್ಲ. ಪೇಟೆಯಲ್ಲಿ ನಾಲ್ಕು ಜನ, ಎಸಿ, ಡಿಕ್ಕಿ ತುಂಬ ಸಾಮಾನು ಇದ್ದರೂ ಜರ್ಕ್ ಇಲ್ಲದೆ ಹೊರಡುತ್ತದೆ. ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗುವವರಿಗೆ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಕೂಡ ಉಪಯೋಗಕ್ಕೆ ಬರುತ್ತದೆ. ಬೆಲೆ ತೆರುವುದು ಪೆಟ್ರೋಲಿನಲ್ಲಿ. ಅಧಿಕೃತ ಅಂಕಿ ಎಎಂಟಿಗೆ ಲೀಟರಿಗೆ 22.89 ಕಿ.ಮೀ., ಟರ್ಬೋ ಆಟೋಮ್ಯಾಟಿಕ್‌ಗೆ 20.01. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಕಾಗದದ ಲೆಕ್ಕದಲ್ಲಿ ವ್ಯತ್ಯಾಸ ಸುಮಾರು ಆರು ಲೀಟರ್. ರಸ್ತೆಯಲ್ಲಿ ಎರಡೂ ಅಂಕಿ ಇಳಿಯುತ್ತವೆ, ಪೇಟೆಯ ನಿಂತು-ಹೊರಡುವ ಓಟದಲ್ಲಿ ಟರ್ಬೋ ಹೆಚ್ಚು ಇಳಿಯುತ್ತದೆ. ಗೇರ್‌ಬಾಕ್ಸ್ ಎಣ್ಣೆ ‘ಜೀವಮಾನವಿಡೀ ಸಾಕು’ ಅಂತ ಯಾರಾದರೂ ಹೇಳಿದರೆ ಕೈಪಿಡಿ ತೆರೆದು ತೋರಿಸಲು ಹೇಳಿ. ಬಣ್ಣ ಕಂದಾಗಿ ಸುಟ್ಟ ವಾಸನೆ ಬಂದರೆ ಅವಧಿಗೆ ಕಾಯಬಾರದು. ದೂರ ಓಡಿಸಿ ಬಂದು ನಿಲ್ಲಿಸಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೋ ಬೇರಿಂಗಿನ ಎಣ್ಣೆ ಕಾದು ಕರಕಲಾಗುವುದು ತಪ್ಪುತ್ತದೆ.

ತೀರ್ಪು ಕೇಳಿದರೆ, ದಿನವೂ ಪೇಟೆಯೊಳಗೆ ಓಡಿಸುವವರು ಟರ್ಬೋ ಆಟೋಮ್ಯಾಟಿಕ್ ತೊಗೊಳ್ಳಲಿ. ಬಜೆಟ್ ಸಾಲದಿದ್ದರೆ 1.2 ಮ್ಯಾನ್ಯುಯಲ್. ಎಎಂಟಿ ಮೂರನೇ ಆಯ್ಕೆ, ಮೊಣಕಾಲು ನೋವಿದ್ದು ಎಡಗಾಲಿಗೆ ವಿಶ್ರಾಂತಿ ಬೇಕೇಬೇಕು ಅನ್ನುವವರಿಗೆ ಎರಡನೆಯದು.

ಇಲ್ಲಿನ ಬಿಸಿಲಿಗೂ ಎಎಂಟಿಗೂ ಇನ್ನೊಂದು ನಂಟು ಇದೆ. ಶಾಖಕ್ಕೆ ಬ್ಯಾಟರಿ ಬೇಗ ಸೊರಗುತ್ತದೆ. ಆಕ್ಚುಯೇಟರ್ ಪಂಪು ಬ್ಯಾಟರಿಯನ್ನೇ ನೆಚ್ಚಿಕೊಂಡಿದೆ. ಮೀಟರಿನಲ್ಲಿ ಎನ್ ಮಿನುಗುವುದು, ಗೇರ್ ಬೀಳದೆ ಬಝರ್ ಹೊಡೆದುಕೊಳ್ಳುವುದು ಶುರುವಾದರೆ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಒಪ್ಪುವ ಮೊದಲು ಮಲ್ಟಿಮೀಟರ್ ಹಚ್ಚಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಮುಗಿದಿದೆ. ನಿಜವಾಗಿಯೂ ಕ್ಲಚ್ ಹೋಗಿದ್ದರೆ ಹೊಸ ಪ್ಲೇಟ್ ಹಾಕಿದ ಮೇಲೆ ಸ್ಕ್ಯಾನರ್ ಹಚ್ಚಿ ಕ್ಲಚ್ ಕಚ್ಚುವ ಜಾಗವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಪ್ಲೇಟ್ ಬದಲಿಸಿದರೆ ಗಾಡಿ ಹೊರಡುವಾಗಲೆಲ್ಲ ನಡುಗುತ್ತದೆ.

ಹೊಲದ ದಾರಿಗೆ ಬರೋಣ. ಗ್ರೌಂಡ್ ಕ್ಲಿಯರೆನ್ಸ್ 190 ಮಿ.ಮೀ., ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿ ರಸ್ತೆಯ ಹಂಪ್‌ಗೆ ಸಾಕು. ಮಳೆಗಾಲದ ಎರೆ ಮಣ್ಣಿಗೆ ಯಾವ ಮಿ.ಮೀ. ಕೂಡ ಸಾಲದು. ಮಣ್ಣು ಟೈರಿನ ಕಚ್ಚುಗಳಲ್ಲಿ ಮೆತ್ತಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ಚಕ್ರವನ್ನೇ ಹಿಡಿದುಬಿಡುತ್ತದೆ. ಮುಂದಿನ ಚಕ್ರ ಎಳೆಯುವ ಈ ಗಾಡಿಯಲ್ಲಿ ಚಕ್ರ ಜಾರತೊಡಗಿದರೆ ಗಾಡಿ ಹಿಡಿತ ತಪ್ಪದಂತೆ ಕಾಯುವ ಇಎಸ್‌ಪಿ ಎಂಜಿನ್ ಶಕ್ತಿ ಕಡಿತ ಮಾಡುತ್ತದೆ, ಗಾಡಿ ಅಲ್ಲೇ ಕೂರುತ್ತದೆ. ಇಎಸ್‌ಪಿ ಗುಂಡಿ ಕೆಲವು ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ, ಸ್ಟೀರಿಂಗ್ ನೇರ ಇಟ್ಟು, ಬಂದ ಗುರುತಿನಲ್ಲೇ ರಿವರ್ಸ್ ಬನ್ನಿ. ರೇಸ್ ಮಾಡಿದಷ್ಟೂ ಹೂತುಹೋಗುತ್ತದೆ, ಎಎಂಟಿ ಆದರೆ ಕ್ಲಚ್ ಕೂಡ ಜೊತೆಗೆ.

ವಾರಕ್ಕೆರಡು ಸಲ ಹೊಲಕ್ಕೆ ಹೋಗುವವರಿಗೆ ಇದು ತಕ್ಕ ಗಾಡಿಯೇ ಅಲ್ಲ. ಹಿಂದಿನ ಚಕ್ರ ತಳ್ಳುವ ಬೊಲೆರೊ (75 ಪಿಎಸ್, 210 ಎನ್ಎಂ) ಅಥವಾ ಬೊಲೆರೊ ನಿಯೊ (100 ಪಿಎಸ್, 260 ಎನ್ಎಂ) ನೋಡಲಿ. ಇಲ್ಲೂ ಹೆಸರಿನ ಆಟ ಇದೆ: 2021ರಲ್ಲಿ ಬಂದ ನಿಯೊ ಅಂದರೆ ಹಳೆಯ ಟಿಯುವಿ300 ಹೊಸ ಮುಖ, ಹೊಸ ಹೆಸರು ಹೊತ್ತು ಬಂದದ್ದು. ಒಂದು ಹಿಂದಿನ ಚಕ್ರ ಸುಮ್ಮನೆ ತಿರುಗಿದಾಗ ಇನ್ನೊಂದಕ್ಕೂ ಬಲ ಕೊಡುವ ಲಾಕಿಂಗ್ ಡಿಫರೆನ್ಷಿಯಲ್ ನಿಯೊದ ಒಂದು ದರ್ಜೆಯಾದ ಎನ್10 ಆಪ್ಷನಲ್‌ನಲ್ಲಿ ಬರುತ್ತದೆ, ಎಲ್ಲ ನಿಯೊಗಳಲ್ಲಿ ಅಲ್ಲ. ಡಿಕ್ಕಿ ಖಾಲಿ ಇದ್ದರೆ ಹಿಂದಿನ ಚಕ್ರವೂ ಕೆಸರಿನಲ್ಲಿ ಜಾರುತ್ತದೆ. ಎರಡು ಚೀಲ ತೊಗರಿ ಹಾಕಿದರೆ ಹಿಡಿತ ಬರುತ್ತದೆ.

ತೊಗರಿ ಅಂದ ಮೇಲೆ, ರಾಶಿ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಕಟ್ಟಿಗೆ, ಹೊಟ್ಟಿನ ಮೇಲೆ ಕಾರು ಹಾಯಿಸುವುದನ್ನು ಆದಷ್ಟು ತಪ್ಪಿಸಿ. ಒಣ ಕಡ್ಡಿ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಅದರ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿಯುತ್ತದೆ. ಗ್ರೀಸ್ ಹೊರಬಿದ್ದು ದೂಳು ಒಳಗೆ ಹೋದರೆ ಸ್ವಲ್ಪ ದಿನದಲ್ಲೇ ತಿರುವಿನಲ್ಲಿ ‘ಟಕ್ ಟಕ್’ ಶುರು. ಸೈಲೆನ್ಸರ್ ಕಡೆಯ ಬಿಸಿಗೆ ಹೊಟ್ಟು ಹೊತ್ತಿಕೊಳ್ಳುವ ಅಪಾಯ ಬೇರೆ. ದಾಟಲೇಬೇಕಾದರೆ ನಿಲ್ಲಿಸದೆ ದಾಟಿ, ಮುಂದೆ ಹೋಗಿ ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿ. ಹೊಟ್ಟಿನ ದೂಳು ಎಸಿ ಕಂಡೆನ್ಸರ್ ಮುಂದೆಯೂ ಕೂತಿರುತ್ತದೆ. ಮಾರ್ಚ್ ಬರುವ ಮೊದಲು ಬಂಪರ್ ಜಾಲರಿಯಿಂದ ಪೈಪಿನ ಸಾದಾ ನೀರು ಬಿಟ್ಟು ತೊಳೆಸಿ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಕಂಡೆನ್ಸರಿನ ಸಣ್ಣ ರೆಕ್ಕೆಗಳೆಲ್ಲ ಮಡಚಿ ಗಾಳಿ ಹಾಯುವುದೇ ನಿಲ್ಲುತ್ತದೆ.