ಸರ್ವರ್ ಪುಟವೋ, ಸಿಂಗಲ್ ಪೇಜ್ ಆ್ಯಪೋ?

ಹುಬ್ಬಳ್ಳಿಯ ದುರ್ಗದ ಬೈಲಿನ ಸೀರೆ ಅಂಗಡಿಗೆ ಆರ್ಡರ್ ತಗೊಳ್ಳೋ ವೆಬ್‌ಸೈಟ್ ಬೇಕು ಅಂದ್ಕೊಳ್ಳಿ. ಅದನ್ನು ಕಟ್ಟೋಕೆ ಎರಡು ದಾರಿ: ಪ್ರತಿ ಪುಟವನ್ನೂ ಸರ್ವರ್‌ನಲ್ಲಿ, ಅಂದ್ರೆ ವೆಬ್‌ಸೈಟ್ ಇರುವ ದೂರದ ಕಂಪ್ಯೂಟರಿನಲ್ಲಿ, ಸಿದ್ಧಮಾಡಿ ಕಳಿಸೋದು; ಇಲ್ಲವೇ ಒಂದೇ ಪುಟ ಇಳಿಸಿ ಮಿಕ್ಕ ಕೆಲಸ ಬ್ರೌಸರ್‌ನಲ್ಲೇ ಮಾಡೋ ಸಿಂಗಲ್ ಪೇಜ್ ಆ್ಯಪ್.

ಸರ್ವರ್‌ನಲ್ಲೇ ಪುಟ ಕಟ್ಟಿ ಕಳಿಸುವ ದಾರಿ ಹೊಸದೇನಲ್ಲ. 1971ರ ಐಬಿಎಂ 3270 ಟರ್ಮಿನಲ್ ನೋಡಿ, ಅಂದ್ರೆ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಜೋಡಿಸಿದ ಪರದೆ, ಕೀಬೋರ್ಡ್. ಪರದೆಯ ಖಾಲಿ ಜಾಗಗಳನ್ನು ತುಂಬುವಾಗ ಮೇನ್‌ಫ್ರೇಮ್‌ಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಂಟರ್ ಒತ್ತಿದ ಮೇಲೆ ತುಂಬಿದ್ದೆಲ್ಲ ಒಟ್ಟಿಗೆ ಹೋಗಿ, ಹೊಸ ಪರದೆ ಬರುತ್ತಿತ್ತು. ಇವತ್ತಿನ ವೆಬ್ ಪುಟದ ಎಚ್‌ಟಿಎಂಎಲ್ ಫಾರ್ಮ್ ಮಾಡುವುದೂ ಅದನ್ನೇ, ಅಲ್ವಾ? ಲೆಕ್ಕವೆಲ್ಲ ಸರ್ವರ್‌ನಲ್ಲಿ. ಹಳೇ ಮೊಬೈಲ್‌ಗೂ ಭಾರವಿಲ್ಲ.

ಸಿಂಗಲ್ ಪೇಜ್ ಆ್ಯಪ್ 1990ರ ದಶಕದ ಕ್ಲೈಂಟ್-ಸರ್ವರ್ ಸಾಫ್ಟ್‌ವೇರಿನ ಜಾತಿ. ಕೆಲಸ ಬಳಸುವವರ ಯಂತ್ರದಲ್ಲಿ, ಸರ್ವರ್‌ನಿಂದ ಹೆಚ್ಚಾಗಿ ಬರೀ ಡೇಟಾ. ಲೋಡ್ ಆದಮೇಲೆ ಚುರುಕು. ಆದರೆ ಮೊದಲ ಸಲ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ) ಜಾಸ್ತಿ ಇಳಿಯಬೇಕು.

ಅಂಗಡಿಗೆ ಮೊದಲನೆಯದೇ ಸಾಕು ಅಂತೀನಿ. ಇಳಕಲ್ ಸೀರೆಯ ಒಡಲು, ಸೆರಗಿನ ಬಣ್ಣ ಬದಲಿಸಿ ನೋಡುವ ಪುಟ ಬೇಕಿದ್ದರೆ, ಅದೊಂದಕ್ಕೆ ಎರಡನೆಯದು.